ಬೆಳಕಿನಿಂದ ಗ್ಲೂಕೋಸ್ ಅಳೆಯುವ ಸೆನ್ಸರ್: ಯಾವ ಅರೆವಾಹಕ, ಯಾವ ಡೋಪಿಂಗ್?

ನೀಲಿಕಿರಣ

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಬೆಳಕಿನಿಂದ ಕೆಲಸ ಮಾಡುವ ಗ್ಲೂಕೋಸ್ ಸೆನ್ಸರ್ ತೆಗೆದುಕೊಂಡಿದ್ದೇನೆ. ಟೈಟಾನಿಯಂ ಹಾಳೆಯ ಮೇಲೆ ಟೈಟಾನಿಯಂ ಡೈಆಕ್ಸೈಡ್ (ಟೈಟಾನಿಯಾ) ನ್ಯಾನೋಟ್ಯೂಬ್ ಬೆಳೆಸಬೇಕು. ಅದರ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವ ಕೂರಿಸಬೇಕು. ಬೆಳಕು ಬಿಟ್ಟಾಗ ಬರುವ ಕರೆಂಟ್ ಅಳೆಯಬೇಕು. ಯೋಜನೆ ಇಷ್ಟೇ.

ಶುದ್ಧ ಟೈಟಾನಿಯಾ ನೇರಳಾತೀತ ಬೆಳಕನ್ನು ಮಾತ್ರ ಹೀರುತ್ತದೆ, ಅದಕ್ಕೇ ಡೋಪ್ ಮಾಡಬೇಕು, ಅಂದರೆ ಬೇರೆ ಧಾತುವನ್ನು ಚೂರು ಬೆರೆಸಬೇಕು ಅಂತ ಓದಿದ ಕಡೆಯೆಲ್ಲ ಇದೆ. ಆದರೆ ಯಾವುದರಿಂದ? ನೈಟ್ರೋಜನ್, ಗಂಧಕ, ಕಬ್ಬಿಣ, ತಾಮ್ರ, ತವರ... ಒಬ್ಬೊಬ್ಬರು ಒಂದೊಂದನ್ನು ಹಾಕಿ ಚೆನ್ನಾಗಿ ಬಂತು ಅನ್ನುತ್ತಾರೆ. ಎಲ್ಲವೂ ಚೆನ್ನಾಗಿ ಬಂದರೆ ಆರಿಸುವುದು ಹೇಗೆ? ಎಷ್ಟು ಹಾಕಬೇಕು? ಜಾಸ್ತಿ ಹಾಕಿದಷ್ಟೂ ಒಳ್ಳೆಯದಾ? ಈ ಕೆಲಸ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಬ್ಯಾಂಡ್‌ಅಂಚು

ಡೋಪಿಂಗ್‌ನಿಂದ ಎರಡು ಬೇರೆ ಬೇರೆ ಕೆಲಸ ಆಗುತ್ತವೆ. ಅವನ್ನು ಬೇರೆಯಾಗಿ ಇಟ್ಟುಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಮೊದಲನೆಯದು, ಹೀರುವ ಬೆಳಕನ್ನು ಬದಲಿಸುವುದು. ಅನಟೇಸ್ ಅನ್ನುವ ಸ್ಫಟಿಕ ರೂಪದ ಟೈಟಾನಿಯಾದ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನ್ ಬಂಧದ ಮಟ್ಟದಿಂದ (ವೇಲೆನ್ಸ್ ಬ್ಯಾಂಡ್) ಓಡಾಡುವ ಮಟ್ಟಕ್ಕೆ ಏರಲು ಬೇಕಾದ ಶಕ್ತಿ, 3.2 ಎಲೆಕ್ಟ್ರಾನ್ ವೋಲ್ಟ್. 1240ನ್ನು ಅದರಿಂದ ಭಾಗಿಸಿದರೆ ತರಂಗಾಂತರ ಸುಮಾರು 387 ನ್ಯಾನೋಮೀಟರ್ ಬರುತ್ತದೆ. ಅದಕ್ಕಿಂತ ಉದ್ದದ ತರಂಗ ಬಿದ್ದರೆ ಶುದ್ಧ ಟೈಟಾನಿಯಾದಲ್ಲಿ ಏನೂ ಆಗುವುದಿಲ್ಲ. 1972ರಲ್ಲಿ ಫುಜಿಶಿಮಾ ಮತ್ತು ಹೋಂಡಾ ಟೈಟಾನಿಯಾ ಎಲೆಕ್ಟ್ರೋಡ್ ಮೇಲೆ ಬೆಳಕು ಬಿಟ್ಟು ನೀರನ್ನು ಒಡೆದು ತೋರಿಸಿದಾಗಲೂ ಇಂಥದೇ ಮಿತಿ ಇತ್ತು. 2001ರಲ್ಲಿ ಅಸಾಹಿ ಮತ್ತು ಸಂಗಡಿಗರು ನೈಟ್ರೋಜನ್ ಸೇರಿಸಿ ಗೋಚರ ಬೆಳಕಿನಲ್ಲೂ ಕೆಲಸ ಮಾಡಿಸಿದರು. ನೀವು ಓದುತ್ತಿರುವ ಪೇಪರ್‌ಗಳಲ್ಲಿ ಬಹಳಷ್ಟು ಆ ದಾರಿಯಲ್ಲೇ ಬಂದವು.

ಎರಡನೆಯದು, ವಾಹಕತೆ ಹೆಚ್ಚಿಸುವುದು. ಕಬ್ಬಿಣದ ಆಕ್ಸೈಡ್, ಅಂದರೆ ಹೆಮಟೈಟ್ ನೋಡಿ. ಬ್ಯಾಂಡ್ ಗ್ಯಾಪ್ ಸುಮಾರು 2.1. ಗೋಚರ ಬೆಳಕನ್ನು ತಾನಾಗಿಯೇ ಚೆನ್ನಾಗಿ ಹೀರುತ್ತದೆ. ಅದರ ಕಷ್ಟವೇ ಬೇರೆ. ಅದರಲ್ಲಿ ಬೆಳಕಿನಿಂದ ಹುಟ್ಟಿದ ಹೋಲ್ (ಎಲೆಕ್ಟ್ರಾನ್ ಎದ್ದುಹೋದ ಖಾಲಿ ಜಾಗ, ಧನ ಆವೇಶದ ಹಾಗೆ ವರ್ತಿಸುತ್ತದೆ) 2ರಿಂದ 4 ನ್ಯಾನೋಮೀಟರ್ ಸಾಗುವಷ್ಟರಲ್ಲಿ ಎಲೆಕ್ಟ್ರಾನ್ ಜೊತೆ ಸೇರಿ ಮುಗಿದುಹೋಗುತ್ತದೆ. ಎಲೆಕ್ಟ್ರಾನ್‌ಗಳ ಓಡಾಟವೂ ನಿಧಾನ. ಅಲ್ಲಿ ತವರ ಅಥವಾ ಟೈಟಾನಿಯಂ ಹಾಕುವುದು ಬಣ್ಣಕ್ಕಲ್ಲ, ಕರೆಂಟ್ ಸರಾಗವಾಗಿ ಹರಿಯಲಿ ಅಂತ. ಬಿಸ್ಮತ್ ವನಡೇಟ್‌ಗೆ ಟಂಗ್‌ಸ್ಟನ್ ಅಥವಾ ಮಾಲಿಬ್ಡಿನಮ್ ಹಾಕುವುದೂ ಇದೇ ಕಾರಣಕ್ಕೆ.

ಹಾಗಾಗಿ "ಯಾವ ಡೋಪಂಟ್ ಒಳ್ಳೆಯದು" ಅಂತ ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ನಿಮ್ಮ ವಸ್ತುವಿಗೆ ಯಾವ ಕೊರತೆ ಇದೆ, ಅದನ್ನು ಮೊದಲು ನೋಡಿ.

ನೀಲಿಕಿರಣ

ಇದು ಬಹಳ ಸಹಾಯ ಆಯಿತು. ಟೈಟಾನಿಯಾಗೆ ಕೊರತೆ ಬಣ್ಣದ್ದು ಅಲ್ವಾ? ಸೂರ್ಯನ ಬೆಳಕಿನಲ್ಲಿ ನೇರಳಾತೀತ ಭಾಗ ಶೇಕಡಾ 4–5 ಮಾತ್ರ. ಹಾಗಾದರೆ ನೈಟ್ರೋಜನ್ ಸರಿ ಅಂದುಕೊಳ್ಳಲಾ?

ಕಿಣ್ವಮಿತ್ರ

ಇಲ್ಲಿ ಸ್ವಲ್ಪ ನಿಲ್ಲಿ. ಆ ಶೇಕಡಾ 4–5ರ ಮಾತು ಸೂರ್ಯನ ಬೆಳಕಿನಿಂದ ಹೈಡ್ರೋಜನ್ ಮಾಡುವವರದ್ದು. ಅವರಿಗೆ ಸೂರ್ಯ ಬಿಟ್ಟರೆ ಗತಿ ಇಲ್ಲ. ನಿಮ್ಮ ಸೆನ್ಸರ್‌ಗೆ ಅದರದ್ದೇ ಎಲ್‌ಇಡಿ ಇರುತ್ತದೆ. 365 ನ್ಯಾನೋಮೀಟರ್ ಎಲ್‌ಇಡಿ ಸಲೀಸಾಗಿ ಸಿಗುತ್ತದೆ. ಬೆಳಕು ಸಾಲುವುದಿಲ್ಲ ಅನ್ನುವ ಸಮಸ್ಯೆಯೇ ನಿಮಗಿಲ್ಲ.

ಆದರೂ ನೇರಳಾತೀತದಿಂದ ದೂರ ಹೋಗಬೇಕು. ಕಾರಣ ಬೇರೆ. ಟೈಟಾನಿಯಾದ ವೇಲೆನ್ಸ್ ಬ್ಯಾಂಡ್ ಅಂಚು ಪಿಎಚ್ 7ರಲ್ಲಿ ಹೈಡ್ರೋಜನ್ ಎಲೆಕ್ಟ್ರೋಡ್‌ಗೆ ಹೋಲಿಸಿದರೆ ಸುಮಾರು +2.7 ವೋಲ್ಟ್‌ನಲ್ಲಿದೆ. ಅಲ್ಲಿ ಹುಟ್ಟುವ ಹೋಲ್ ಎಂಥ ಒರಟು ಅಂದರೆ ನೀರಿನಿಂದಲೇ ಎಲೆಕ್ಟ್ರಾನ್ ಕಿತ್ತುಕೊಂಡು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಮಾಡುತ್ತದೆ. ಆ ರ‍್ಯಾಡಿಕಲ್ ಗ್ಲೂಕೋಸನ್ನೂ ಬಿಡುವುದಿಲ್ಲ, ವಿಟಮಿನ್ ಸಿಯನ್ನೂ ಬಿಡುವುದಿಲ್ಲ, ಯೂರಿಕ್ ಆಮ್ಲವನ್ನೂ ಬಿಡುವುದಿಲ್ಲ. ನೀವು ಕಷ್ಟಪಟ್ಟು ಕೂರಿಸಿದ ಕಿಣ್ವವನ್ನೂ ತಿನ್ನುತ್ತದೆ. ನೇರಳಾತೀತ ಬೆಳಕು ಪ್ರೋಟೀನನ್ನು ನೇರವಾಗಿ ಹಾಳು ಮಾಡುವುದು ಇನ್ನೊಂದು ಕಡೆ.

ಹಾಗಾಗಿ ನನ್ನ ಮಟ್ಟಿಗೆ ಗ್ಲೂಕೋಸ್ ಸೆನ್ಸರ್‌ನಲ್ಲಿ ಡೋಪಿಂಗ್‌ನ ನಿಜವಾದ ಲಾಭ ಇದು: ಮೆತ್ತನೆಯ ಬೆಳಕು, ಮೆತ್ತನೆಯ ಹೋಲ್. ಗೋಚರ ಬೆಳಕಿನ ಫೋಟಾನ್‌ಗೆ ಶಕ್ತಿ ಕಡಿಮೆ. ಅದರಿಂದ ಹುಟ್ಟುವ ಹೋಲ್‌ಗೂ ಉತ್ಕರ್ಷಿಸುವ ಶಕ್ತಿ ಕಡಿಮೆ. ನೀರು ಒಡೆಯುವವರಿಗೆ ಅದು ದೊಡ್ಡ ನಷ್ಟ. ನಮಗೆ ಅದೇ ಬೇಕು. ಕಿಣ್ವ ಗ್ಲೂಕೋಸ್ ಮತ್ತು ಆಮ್ಲಜನಕ ಬಳಸಿ ಮಾಡುವ ಹೈಡ್ರೋಜನ್ ಪೆರಾಕ್ಸೈಡ್ ಸುಲಭವಾಗಿ ಎಲೆಕ್ಟ್ರಾನ್ ಕೊಡುತ್ತದೆ, ಅದಕ್ಕೆ 2.7 ವೋಲ್ಟ್‌ನ ಹೋಲ್ ಬೇಡವೇ ಬೇಡ.

ಬ್ಯಾಂಡ್‌ಅಂಚು

ಕಿಣ್ವಮಿತ್ರ ಅವರ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಒಂದು ಎಚ್ಚರಿಕೆ ಸೇರಿಸುತ್ತೇನೆ. ನೈಟ್ರೋಜನ್ ಹಾಕಿದರೆ ಬ್ಯಾಂಡ್ ಗ್ಯಾಪ್ ಪೂರ್ತಿಯಾಗಿ ಕಿರಿದಾಗುತ್ತದೆ ಅಂದುಕೊಳ್ಳಬೇಡಿ. ಕಡಿಮೆ ಪ್ರಮಾಣದಲ್ಲಿ ಹಾಕಿದಾಗ ವೇಲೆನ್ಸ್ ಬ್ಯಾಂಡ್‌ಗಿಂತ ಸ್ವಲ್ಪ ಮೇಲೆ ಬಿಡಿಬಿಡಿಯಾದ ಮಟ್ಟಗಳು ಏಳುತ್ತವೆ. ಅಲ್ಲಿಂದ ಎಲೆಕ್ಟ್ರಾನ್ ಮೇಲೆ ಹೋಗುತ್ತದೆ, ಹೋಲ್ ಅಲ್ಲೇ ಉಳಿಯುತ್ತದೆ. ಬಿಡಿ ಮಟ್ಟದಲ್ಲಿರುವ ಹೋಲ್ ಸುಲಭವಾಗಿ ಓಡಾಡುವುದಿಲ್ಲ.

ಇದರಿಂದ ಆಗುವುದೇನು? ಪುಡಿ ಹಳದಿಯಾಗುತ್ತದೆ, ಹೀರಿಕೆಯ ಗ್ರಾಫ್ ಗೋಚರ ಬೆಳಕಿನವರೆಗೂ ಚಾಚುತ್ತದೆ, ಎಲ್ಲರೂ ಖುಷಿಪಡುತ್ತಾರೆ. ಕರೆಂಟ್ ಅಳೆದರೆ ನೇರಳಾತೀತದಲ್ಲಿ ಬರುವುದರ ಒಂದು ಸಣ್ಣ ಪಾಲು ಬರುತ್ತದೆ. ಹೀರಿದ ಬೆಳಕೆಲ್ಲ ಕರೆಂಟ್ ಆಗುವುದಿಲ್ಲ. ಆದ್ದರಿಂದ ಬರೀ ಹೀರಿಕೆಯ ಗ್ರಾಫ್ ತೋರಿಸುವ ಪೇಪರ್‌ನಿಂದ ಡೋಪಂಟ್ ಆರಿಸಬೇಡಿ. ಪ್ರತಿ ತರಂಗಾಂತರಕ್ಕೆ ಎಷ್ಟು ಫೋಟಾನ್ ಹೋಯಿತು, ಎಷ್ಟು ಎಲೆಕ್ಟ್ರಾನ್ ಬಂತು ಅನ್ನುವ ಗ್ರಾಫ್ ಇದೆಯಾ ನೋಡಿ.

ಕಬ್ಬಿಣ ಮತ್ತು ತಾಮ್ರದ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಅವುಗಳ ಮಟ್ಟಗಳು ಬ್ಯಾಂಡ್ ಗ್ಯಾಪ್‌ನ ನಡುಭಾಗದಲ್ಲಿ ಬಂದು ಕೂತರೆ ರಸ್ತೆ ಮಧ್ಯದ ಗುಂಡಿಗಳ ಹಾಗೆ ಆಗುತ್ತವೆ. ಒಂದು ಕಡೆಯಿಂದ ಎಲೆಕ್ಟ್ರಾನ್ ಬೀಳುತ್ತದೆ, ಇನ್ನೊಂದು ಕಡೆಯಿಂದ ಹೋಲ್ ಬೀಳುತ್ತದೆ, ಎರಡೂ ಅಲ್ಲೇ ಮುಗಿಯುತ್ತವೆ.

ಸೂಜಿಬೇಡ

ನಾನು ವಿಜ್ಞಾನಿ ಅಲ್ಲ. ಟೈಪ್ 1 ಮಧುಮೇಹ ಇದೆ, ತೋಳಿಗೆ ಸೆನ್ಸರ್ ಅಂಟಿಸಿಕೊಂಡಿದ್ದೇನೆ. ಈ ಚರ್ಚೆ ಆಸೆಯಿಂದ ಓದುತ್ತಿದ್ದೇನೆ. ಒಂದು ನೇರ ಪ್ರಶ್ನೆ. ಈಗಿರುವ ಸೆನ್ಸರ್ ಕೆಲಸ ಮಾಡುತ್ತಿದೆಯಲ್ಲ, ಬೆಳಕು ಸೇರಿಸಿದರೆ ನನಗೇನು ಸಿಗುತ್ತದೆ? ಮತ್ತೆ, ಕೈಗಡಿಯಾರದಲ್ಲೇ ಬೆಳಕಿನಿಂದ ಸಕ್ಕರೆ ಅಳೆಯುತ್ತೇವೆ ಅಂತ ಜಾಹೀರಾತು ಬರುತ್ತವೆ. ಅದು ಇದೇನಾ?

ಕಿಣ್ವಮಿತ್ರ

ಎರಡನೇ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಅದು ಜೀವದ ವಿಷಯ. ಅದು ಇದಲ್ಲ. ಚರ್ಮ ಚುಚ್ಚದೆ ತಾನೇ ರಕ್ತದ ಗ್ಲೂಕೋಸ್ ಅಳೆಯುತ್ತೇನೆ ಅನ್ನುವ ಯಾವ ಕೈಗಡಿಯಾರಕ್ಕೂ ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲ ಅಂತ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿತು. ಅಂಥದ್ದರ ಅಂಕಿ ನೋಡಿ ಇನ್ಸುಲಿನ್ ತೆಗೆದುಕೊಳ್ಳಬೇಡಿ. ನಿಮ್ಮ ತೋಳಿನ ಸೆನ್ಸರ್ ಅಂಕಿಯನ್ನು ಗಡಿಯಾರದ ಪರದೆಯಲ್ಲಿ ತೋರಿಸುವುದು ಬೇರೆ ವಿಷಯ, ಅದು ಸರಿ.

ಈಗ ಮೊದಲನೆಯದು. ನಿಮ್ಮ ತೋಳಿನಲ್ಲಿರುವುದರ ಮೂಲ 1962ರದು. ಕ್ಲಾರ್ಕ್ ಮತ್ತು ಲಯನ್ಸ್ ಕಿಣ್ವ ಮತ್ತು ಎಲೆಕ್ಟ್ರೋಡ್ ಸೇರಿಸುವ ಯೋಚನೆ ಕೊಟ್ಟರು. ಗ್ಲೂಕೋಸ್ ಆಕ್ಸಿಡೇಸ್ ಗ್ಲೂಕೋಸ್‌ನಿಂದ ಎಲೆಕ್ಟ್ರಾನ್ ತೆಗೆಯುತ್ತದೆ, ಎಲೆಕ್ಟ್ರೋಡ್ ಅದನ್ನು ಎಣಿಸುತ್ತದೆ. ಎಣಿಸಬೇಕಾದರೆ ಎಲೆಕ್ಟ್ರೋಡ್‌ಗೆ ವೋಲ್ಟೇಜ್ ಕೊಡಬೇಕು. ಆ ವೋಲ್ಟೇಜ್‌ನಲ್ಲಿ ಬೇರೆ ವಸ್ತುಗಳೂ ಸುಟ್ಟು ಕರೆಂಟ್ ಕೊಡುತ್ತವೆ. ಪ್ಯಾರಾಸಿಟಮಾಲ್ ನುಂಗಿದಾಗ ಕೆಲವು ಸೆನ್ಸರ್‌ಗಳು ಇರುವುದಕ್ಕಿಂತ ಹೆಚ್ಚು ಗ್ಲೂಕೋಸ್ ತೋರಿಸುವುದು ಇದಕ್ಕೇ.

ಬೆಳಕಿನ ವಿಧಾನದಲ್ಲಿ ತಳ್ಳುವ ಶಕ್ತಿ ಬೆಳಕಿನಿಂದ ಬರುತ್ತದೆ, ಅಳೆಯುವುದು ಕರೆಂಟನ್ನು. ಒಳಗೆ ಹೋಗುವುದು ಒಂದು, ಹೊರಗೆ ಬರುವುದು ಇನ್ನೊಂದು. ಹಾಗಾಗಿ ಹಿನ್ನೆಲೆ ಗದ್ದಲ ಕಡಿಮೆ, ಕೊಡಬೇಕಾದ ವೋಲ್ಟೇಜ್ ಕಡಿಮೆ, ಬಹಳ ತೆಳು ದ್ರಾವಣದಲ್ಲೂ ಸಿಗ್ನಲ್ ಕಾಣುತ್ತದೆ. ಬೆವರಿನಲ್ಲಿ ಗ್ಲೂಕೋಸ್ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಕಡಿಮೆ, ಎಷ್ಟೋ ಸಲ ನೂರು ಪಟ್ಟೇ ಕಡಿಮೆ. ಅಲ್ಲಿ ಇದು ಉಪಯೋಗಕ್ಕೆ ಬರಬಹುದು ಅನ್ನುವುದು ನಮ್ಮೆಲ್ಲರ ಆಸೆ.

ಇನ್ನೊಂದು ಸಂಗತಿ ನಿಮಗೆ ಇಷ್ಟ ಆಗಬಹುದು. ಬೆಳಕಿನಿಂದ ಗ್ಲೂಕೋಸ್ ಅಳೆಯುವ ಸಾಧನ ಈಗಾಗಲೇ ಮನುಷ್ಯರ ದೇಹದಲ್ಲಿದೆ. ಚರ್ಮದ ಕೆಳಗೆ ಇಡುವ ಎವರ್‌ಸೆನ್ಸ್‌ಗೆ 2018ರಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದರೊಳಗೆ ಪುಟ್ಟ ಎಲ್‌ಇಡಿ ಇದೆ. ಗ್ಲೂಕೋಸ್ ಬಂದು ಕೂತರೆ ಹೊಳಪು ಹೆಚ್ಚುವ ಬೋರೋನಿಕ್ ಆಮ್ಲದ ಪಾಲಿಮರ್ ಇದೆ. ಕಿಣ್ವ ಇಲ್ಲ. ಆದರೆ ಹೊಳೆಯುವ ವಸ್ತು ಅರೆವಾಹಕವಲ್ಲ, ಸಾವಯವ ಬಣ್ಣ. ನಾವಿಲ್ಲಿ ಮಾತಾಡುತ್ತಿರುವ ವಸ್ತುಗಳು ಇನ್ನೂ ಪ್ರಯೋಗಾಲಯದಲ್ಲೇ ಇವೆ.

ಸೂಜಿಬೇಡ

ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಧನ್ಯವಾದ. ಮುಂದುವರಿಸಿ, ಓದುತ್ತಿರುತ್ತೇನೆ.

ಪದರದೊಳಗೆ

ಎಷ್ಟು ಡೋಪ್ ಮಾಡಬೇಕು ಅನ್ನುವ ಪ್ರಶ್ನೆಗೆ ಯಾರೂ ಬಂದಿಲ್ಲ. ಅದೇ ಮುಖ್ಯ ಅನ್ನಿಸುತ್ತದೆ ನನಗೆ.

ಅರೆವಾಹಕದ ಮೇಲ್ಮೈ ಹತ್ತಿರ ವಿದ್ಯುತ್ ಕ್ಷೇತ್ರ ಇರುವ ಒಂದು ತೆಳು ಪದರ ಇರುತ್ತದೆ. ಬೆಳಕು ಆ ಪದರದಲ್ಲಿ ಬಿದ್ದರೆ ಎಲೆಕ್ಟ್ರಾನ್ ಒಳಕ್ಕೆ, ಹೋಲ್ ಹೊರಕ್ಕೆ ತಳ್ಳಿಸಿಕೊಂಡು ಬೇರೆಯಾಗುತ್ತವೆ. ಪದರದ ದಪ್ಪ ಡೋಪಿಂಗ್‌ನ ವರ್ಗಮೂಲಕ್ಕೆ ವಿಲೋಮ. ಲೆಕ್ಕ ಹಾಕಿ ನೋಡೋಣ. ಡೈಎಲೆಕ್ಟ್ರಿಕ್ ಸ್ಥಿರಾಂಕ 30, ಬ್ಯಾಂಡ್ ಬಾಗುವಿಕೆ (ಆ ಪದರದ ಎರಡು ಬದಿಗಳ ವೋಲ್ಟೇಜ್ ವ್ಯತ್ಯಾಸ) 0.5 ವೋಲ್ಟ್ ಅಂದುಕೊಳ್ಳಿ. ಘನ ಸೆಂಟಿಮೀಟರಿಗೆ 10¹⁷ ದಾನಿಗಳಿದ್ದರೆ (ಎಲೆಕ್ಟ್ರಾನ್ ಕೊಡುವ ಡೋಪಂಟ್ ಪರಮಾಣುಗಳು) ಪದರ ಸುಮಾರು 130 ನ್ಯಾನೋಮೀಟರ್. 10¹⁹ ಆದರೆ 13. 10²¹ ಆದರೆ ಬರೀ 1.3.

ಜಾಸ್ತಿ ಹಾಕಿದಷ್ಟೂ ವಾಹಕತೆ ಏರುತ್ತದೆ. ಆದರೆ ಎಲೆಕ್ಟ್ರಾನ್ ಮತ್ತು ಹೋಲನ್ನು ಬೇರ್ಪಡಿಸುವ ಜಾಗವೇ ಕುಗ್ಗುತ್ತದೆ. ಹೀಗಾಗಿ ಡೋಪಂಟ್ ಪ್ರಮಾಣಕ್ಕೆ ಎದುರಾಗಿ ಕರೆಂಟ್ ಗ್ರಾಫ್ ಹಾಕಿದರೆ ಏರಿ, ಒಂದು ತುದಿ ಮುಟ್ಟಿ, ಇಳಿಯುತ್ತದೆ. ಆ ತುದಿ ನಿಮ್ಮ ಟ್ಯೂಬಿನ ಗೋಡೆ ಎಷ್ಟು ದಪ್ಪ ಅನ್ನುವುದನ್ನೂ ಅವಲಂಬಿಸಿದೆ. ಗೋಡೆ 10 ನ್ಯಾನೋಮೀಟರ್ ಇದ್ದು ಪದರ 130 ಬೇಕಾಗಿದ್ದರೆ ಪದರ ಪೂರ್ತಿ ರೂಪುಗೊಳ್ಳಲು ಜಾಗವೇ ಇಲ್ಲ. ಆಗ ಕ್ಷೇತ್ರದ ಸಹಾಯ ಕಡಿಮೆ, ಹೋಲ್ ಸುಮ್ಮನೆ ಅಲೆದಾಡಿಕೊಂಡೇ ಮೇಲ್ಮೈ ತಲುಪಬೇಕು. ಗೋಡೆ ತೆಳುವಾಗಿರುವುದರಿಂದ ತಲುಪುತ್ತದೆ ಕೂಡ. ನ್ಯಾನೋ ಆಕಾರದ ದೊಡ್ಡ ಉಪಕಾರ ಅದು.

ಬೇರೆಯವರ ಪೇಪರ್‌ನಲ್ಲಿ "ಶೇಕಡಾ 3 ಉತ್ತಮ" ಅಂತಿದ್ದರೆ ಅದು ಅವರ ಟ್ಯೂಬಿಗೆ. ನೀವು ನಾಲ್ಕೈದು ಬೇರೆ ಪ್ರಮಾಣಗಳಲ್ಲಿ ಮಾಡಿ, ಪ್ರತಿಯೊಂದಕ್ಕೂ ಮಾಟ್–ಶಾಟ್ಕಿ ಅಳತೆ (ವೋಲ್ಟೇಜ್ ಬದಲಿಸುತ್ತ ಕೆಪಾಸಿಟೆನ್ಸ್ ಅಳೆಯುವುದು) ತೆಗೆಯಿರಿ. ದಾನಿಗಳ ಸಾಂದ್ರತೆ ಅಂದಾಜಿಗೆ ಸಿಗುತ್ತದೆ. ಆ ಸೂತ್ರ ಚಪ್ಪಟೆ ಮೇಲ್ಮೈಗೆ ಅಂತ ಮಾಡಿದ್ದು, ಟ್ಯೂಬಿನಂಥ ಮೇಲ್ಮೈಗೆ ಅಂಕಿಯನ್ನು ಹೋಲಿಕೆಗೆ ಮಾತ್ರ ಬಳಸಿ.

ಚುಕ್ಕಿಹೊಳಪು

ಕರೆಂಟ್ ಅಳೆಯುವುದೊಂದೇ ದಾರಿ ಅಲ್ಲ ಅಂತ ಹೇಳಲು ಬಂದೆ. ನಾನು ಕ್ವಾಂಟಮ್ ಡಾಟ್ (ಕೆಲವೇ ನ್ಯಾನೋಮೀಟರ್ ಗಾತ್ರದ ಅರೆವಾಹಕ ಕಣ) ಕಡೆಯವಳು. 2023ರ ರಸಾಯನ ನೊಬೆಲ್ ಬವೆಂಡಿ, ಬ್ರೂಸ್, ಎಕಿಮೋವ್ ಅವರಿಗೆ ಸಿಕ್ಕಿದ್ದು ಈ ಕಣಗಳಿಗೇ.

ಮ್ಯಾಂಗನೀಸ್ ಡೋಪ್ ಮಾಡಿದ ಸತು ಸಲ್ಫೈಡ್ ನನ್ನ ಮೆಚ್ಚಿನದು. ಸತು ಸಲ್ಫೈಡ್ ನೇರಳಾತೀತ ಬೆಳಕು ಹೀರಿ ಶಕ್ತಿಯನ್ನು ಮ್ಯಾಂಗನೀಸ್‌ಗೆ ದಾಟಿಸುತ್ತದೆ. ಮ್ಯಾಂಗನೀಸ್ ಸುಮಾರು 590 ನ್ಯಾನೋಮೀಟರ್‌ನಲ್ಲಿ ಕಿತ್ತಳೆ ಬೆಳಕು ಬಿಡುತ್ತದೆ. ಚಂದ ಇರುವುದು ಸಮಯದಲ್ಲಿ. ಆ ಹೊಳಪು ಮಿಲಿಸೆಕೆಂಡುಗಳಷ್ಟು ಉಳಿಯುತ್ತದೆ. ರಕ್ತದಲ್ಲಿ, ಮೂತ್ರದಲ್ಲಿ ತಾವಾಗಿ ಹೊಳೆಯುವ ಅಣುಗಳ ಬೆಳಕು ನ್ಯಾನೋಸೆಕೆಂಡುಗಳಲ್ಲಿ ಆರಿಹೋಗುತ್ತದೆ. ದೀಪ ಆರಿಸಿ, ಚೂರು ಕಾದು, ಆಮೇಲೆ ಅಳೆದರೆ ಹಿನ್ನೆಲೆ ಬೆಳಕೆಲ್ಲ ಹೋಗಿ ನಮ್ಮದು ಮಾತ್ರ ಉಳಿದಿರುತ್ತದೆ. ಕಿಣ್ವ ಪೆರಾಕ್ಸೈಡ್ ಮಾಡಿದಷ್ಟೂ ಹೊಳಪು ಕುಗ್ಗುತ್ತದೆ, ಅದರಿಂದ ಗ್ಲೂಕೋಸ್ ಲೆಕ್ಕ. ಕ್ಯಾಡ್ಮಿಯಂ ಇಲ್ಲದಿರುವುದೂ ದೊಡ್ಡ ಸಮಾಧಾನ.

ಡೋಪಿಂಗ್ ಪ್ರಮಾಣದ ಬಗ್ಗೆ ಒಂದು ಮಾತು. 4 ನ್ಯಾನೋಮೀಟರ್‌ನ ಸತು ಆಕ್ಸೈಡ್ ಕಣ ತೆಗೆದುಕೊಳ್ಳಿ. ಅದರಲ್ಲಿ ಸುಮಾರು 1400 ಸತು ಪರಮಾಣು ಇರುತ್ತವೆ. ಶೇಕಡಾ 1 ಡೋಪಿಂಗ್ ಅಂದರೆ ಕಣಕ್ಕೆ ಸರಾಸರಿ 14 ಪರಮಾಣು. ಶೇಕಡಾ 0.1 ಅಂದರೆ ಒಂದೋ ಎರಡೋ, ಕೆಲವು ಕಣಕ್ಕೆ ಸೊನ್ನೆ. ಜೊತೆಗೆ ಸಣ್ಣ ಕಣ ಬೇರೆ ಪರಮಾಣುವನ್ನು ಮೇಲ್ಮೈ ಕಡೆಗೆ ದೂಡುತ್ತದೆ. ಬಾಟಲಿಗೆ ಶೇಕಡಾ 2 ಹಾಕಿದರೆ ಕಣದೊಳಗೆ ಅಷ್ಟೇ ಹೋಯಿತು ಅಂತ ಅಲ್ಲ. ತೊಳೆದಾದ ಮೇಲೆ ಕಣವನ್ನು ಕರಗಿಸಿ ಅಳೆದರಷ್ಟೇ ನಿಜ ತಿಳಿಯುತ್ತದೆ. ಆಗಲೂ ಒಳಗಿದೆಯಾ ಮೇಲೆ ಅಂಟಿದೆಯಾ ಅನ್ನುವುದಕ್ಕೆ ಬೇರೆ ಪರೀಕ್ಷೆ ಬೇಕು. ಮ್ಯಾಂಗನೀಸ್‌ಗೆ ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ಚೆನ್ನಾಗಿ ಹೊಂದುತ್ತದೆ.

ಕ್ಷಾರ13

ಎಲ್ಲರೂ ಕಿಣ್ವ ಕಿಣ್ವ ಅಂತಿದ್ದೀರಿ. ಕಿಣ್ವ ಯಾಕೆ ಬೇಕು? ಬಿಸಿಗೆ ಹಾಳಾಗುತ್ತದೆ, ದಿನ ಕಳೆದ ಹಾಗೆ ಸೋಲುತ್ತದೆ. ನಿಕ್ಕೆಲ್, ಕೋಬಾಲ್ಟ್, ತಾಮ್ರದ ಆಕ್ಸೈಡ್‌ಗಳು ಗ್ಲೂಕೋಸನ್ನು ನೇರವಾಗಿ ಉತ್ಕರ್ಷಿಸುತ್ತವೆ. ನಿಕ್ಕೆಲ್ ಸೇರಿಸಿದ ಟೈಟಾನಿಯಾ ಮೇಲೆ ಬೆಳಕು ಬಿಟ್ಟರೆ ಹೋಲ್‌ಗಳು ನಿಕ್ಕೆಲ್ ಅನ್ನು ಮೇಲಿನ ಸ್ಥಿತಿಗೆ ಏರಿಸುತ್ತವೆ, ಅದು ಗ್ಲೂಕೋಸ್‌ನಿಂದ ಎಲೆಕ್ಟ್ರಾನ್ ತೆಗೆದು ಮತ್ತೆ ಕೆಳಗಿಳಿಯುತ್ತದೆ. ಕಿಣ್ವ ಇಲ್ಲದೆ ವರ್ಷಗಟ್ಟಲೆ ಇಡಬಹುದಾದ ಸೆನ್ಸರ್. ದೂರದ ಆಸ್ಪತ್ರೆಗೆ, ಫ್ರಿಡ್ಜ್ ಇಲ್ಲದ ಕಡೆಗೆ ಅಂಥದ್ದೇ ಬೇಕು.

ಕಿಣ್ವಮಿತ್ರ

ಫ್ರಿಡ್ಜ್ ಇಲ್ಲದ ಕಡೆ ಅನ್ನುವ ಕಾಳಜಿ ನನಗೂ ಇದೆ. ಆದರೆ ಆ ಅಳತೆಗಳನ್ನು ಯಾವ ದ್ರಾವಣದಲ್ಲಿ ಮಾಡುತ್ತಾರೆ ನೋಡಿ. ಹೆಚ್ಚಿನವು 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ. ಪಿಎಚ್ 13. ರಕ್ತದ ಪಿಎಚ್ 7.4. ನಿಕ್ಕೆಲ್‌ನ ಆ ಚಕ್ರ ತಿರುಗಲು ಹೈಡ್ರಾಕ್ಸೈಡ್ ಬೇಕು, ತಟಸ್ಥ ದ್ರಾವಣದಲ್ಲಿ ಅದು ತೀರ ಮಂಕಾಗುತ್ತದೆ. ಹನಿ ರಕ್ತವನ್ನು ಕ್ಷಾರಕ್ಕೆ ಸೇರಿಸಿ ಅಳೆಯುವ ಪಟ್ಟಿ ಮಾಡಬಹುದು, ಒಪ್ಪುತ್ತೇನೆ. ಮೈಮೇಲೆ ಧರಿಸುವುದು ಆಗುವುದಿಲ್ಲ.

ಇನ್ನೊಂದು, ನಿಕ್ಕೆಲ್‌ಗೆ ಗ್ಲೂಕೋಸ್ ಯಾವುದು ಫ್ರಕ್ಟೋಸ್ ಯಾವುದು ಅಂತ ತಿಳಿಯುವುದಿಲ್ಲ. ಎಥನಾಲ್ ಕೊಟ್ಟರೂ ಉತ್ಕರ್ಷಿಸುತ್ತದೆ. ಕಿಣ್ವಕ್ಕೆ ಆ ವ್ಯತ್ಯಾಸ ಗೊತ್ತು.

ಕ್ಷಾರ13

ಪಿಎಚ್ ಮಾತು ಸರಿ. ಆದರೂ ಕಿಣ್ವದ ಹೊರಗೂ ಗ್ಲೂಕೋಸನ್ನು ಆರಿಸುವ ದಾರಿಗಳಿವೆ ಅಲ್ವಾ? ನೀವೇ ಹೇಳಿದ ಬೋರೋನಿಕ್ ಆಮ್ಲ ಇದೆ. ಗ್ಲೂಕೋಸ್ ಆಕಾರದ ಗುಳಿಗಳಿರುವ ಪಾಲಿಮರ್ ಇದೆ. ಅವನ್ನು ಡೋಪ್ ಮಾಡಿದ ಅರೆವಾಹಕದ ಮೇಲೆ ಹೊದಿಸಿದರೆ ಪಿಎಚ್ 7.4ರಲ್ಲೂ ಆಗಬಹುದು. ನಾನು ಈ ದಾರಿಯನ್ನು ಬಿಡುವುದಿಲ್ಲ.

ಕಿಣ್ವಮಿತ್ರ

ಬಿಡಬೇಡಿ. ಆ ದಾರಿಯಲ್ಲಿ ಯಾರಾದರೂ ಗಟ್ಟಿಯಾಗಿ ಕೆಲಸ ಮಾಡಲೇಬೇಕು. ಪ್ರಾಜೆಕ್ಟ್‌ಗೆ ಸಮಯ ಕಡಿಮೆ ಇರುವ ನೀಲಿಕಿರಣ ಅವರಿಗೆ ಕಿಣ್ವವೇ ಸುಲಭ, ಅಷ್ಟೇ ನನ್ನ ಮಾತು.

ನೀಲಿಕಿರಣ, ನಿಮಗೆ ಮೂರು ಸಂಗತಿ. ಆಮ್ಲಜನಕದ ಬಗ್ಗೆ ಈಗಲೇ ಯೋಚಿಸಿ. ಗಾಳಿಯಲ್ಲಿಟ್ಟ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 0.25 ಮಿಲಿಮೋಲಾರ್. ರಕ್ತದ ಗ್ಲೂಕೋಸ್ ಬರೀ ಹೊಟ್ಟೆಯಲ್ಲಿ 3.9ರಿಂದ 5.5 ಮಿಲಿಮೋಲಾರ್. ಕಿಣ್ವಕ್ಕೆ ಗ್ಲೂಕೋಸ್ ಹೇರಳ, ಆಮ್ಲಜನಕ ಕಡಿಮೆ. ಹಾಗಾಗಿ ಒಂದು ಹಂತದ ಮೇಲೆ ಗ್ಲೂಕೋಸ್ ಹೆಚ್ಚಿಸಿದರೂ ಸಿಗ್ನಲ್ ಹೆಚ್ಚುವುದಿಲ್ಲ. ಗ್ಲೂಕೋಸ್ ನಿಧಾನವಾಗಿ ನುಸುಳುವಂಥ ತೆಳು ಪೊರೆಯನ್ನು ಮೇಲೆ ಹೊದಿಸಿ ಇದನ್ನು ಸರಿಪಡಿಸುತ್ತಾರೆ. ಬೆಳಕಿನ ಸೆನ್ಸರ್‌ನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಅದೇ ಆಮ್ಲಜನಕ ಅರೆವಾಹಕದ ಎಲೆಕ್ಟ್ರಾನನ್ನೂ ಕದಿಯುತ್ತದೆ. ಆಮ್ಲಜನಕ ಕಡಿಮೆಯಾದಾಗ ಕರೆಂಟ್ ಬದಲಾದರೆ ಅದು ಪೆರಾಕ್ಸೈಡ್‌ನಿಂದಲೋ ಆಮ್ಲಜನಕದಿಂದಲೋ ಬಿಡಿಸಿ ನೋಡಬೇಕು. ಕ್ಯಾಟಲೇಸ್ ಹಾಕಿ ನೋಡಿ. ಅದು ಪೆರಾಕ್ಸೈಡನ್ನು ಒಡೆಯುತ್ತದೆ. ಸಿಗ್ನಲ್ ಬಿದ್ದರೆ ಅದು ಪೆರಾಕ್ಸೈಡ್‌ನದ್ದೇ. ಕುದಿಸಿ ಕೆಡಿಸಿದ ಕಿಣ್ವ ಹಾಕಿದ ಎಲೆಕ್ಟ್ರೋಡ್ ಒಂದನ್ನೂ ಇಟ್ಟುಕೊಳ್ಳಿ. ಅದೂ ಗ್ಲೂಕೋಸ್‌ಗೆ ಸಿಗ್ನಲ್ ಕೊಟ್ಟರೆ ನಿಮ್ಮ ಹೋಲ್ ಇನ್ನೂ ಒರಟಾಗಿದೆ ಅಂತ ಅರ್ಥ.

ವಿಟಮಿನ್ ಸಿ ಮತ್ತು ಯೂರಿಕ್ ಆಮ್ಲವನ್ನು ರಕ್ತದಲ್ಲಿ ಇರುವಷ್ಟೇ ಪ್ರಮಾಣದಲ್ಲಿ ಹಾಕಿ ಪರೀಕ್ಷಿಸಿ. ವಿಟಮಿನ್ ಸಿ ಸುಮಾರು 0.05, ಯೂರಿಕ್ ಆಮ್ಲ ಸುಮಾರು 0.3 ಮಿಲಿಮೋಲಾರ್. ಎರಡೂ ಪಿಎಚ್ 7.4ರಲ್ಲಿ ಋಣ ಆವೇಶ ಹೊತ್ತಿರುತ್ತವೆ. ನಾಫಿಯಾನ್ ಅನ್ನುವ ಪಾಲಿಮರ್ ಪೊರೆಗೂ ಋಣ ಆವೇಶ ಇದೆ, ಹಾಗಾಗಿ ಅವುಗಳನ್ನು ದೂರ ತಳ್ಳುತ್ತದೆ. ಪ್ಯಾರಾಸಿಟಮಾಲ್‌ಗೆ ಆವೇಶ ಇಲ್ಲ, ಅದು ನುಗ್ಗಿ ಬರುತ್ತದೆ. ಅದನ್ನೂ ಪರೀಕ್ಷಿಸಿ.

ಸತು ಆಕ್ಸೈಡ್ ಬಗ್ಗೆ ಯೋಚಿಸಿದ್ದೀರಾ? ಅದರ ಮೇಲ್ಮೈ ಪಿಎಚ್ 9.5ರ ಆಸುಪಾಸಿನವರೆಗೂ ಧನ ಆವೇಶದಲ್ಲಿರುತ್ತದೆ. ಗ್ಲೂಕೋಸ್ ಆಕ್ಸಿಡೇಸ್ 4.2ಕ್ಕಿಂತ ಮೇಲೆ ಋಣ. 7.4ರಲ್ಲಿ ಎರಡೂ ತಾವಾಗಿ ಅಂಟಿಕೊಳ್ಳುತ್ತವೆ, ರಾಸಾಯನಿಕ ಅಂಟು ಬೇಡ. ಆದರೆ ಸತು ಆಕ್ಸೈಡ್ ಆಮ್ಲದಲ್ಲಿ ಕರಗುತ್ತದೆ, ಬೆವರು ಆಮ್ಲೀಯ ಆಗಿರಬಹುದು. ಬೆವರಿಗೆ ಅಂತ ಮಾಡುವವರು ಅದನ್ನು ಬರಿಮೈಯಲ್ಲಿ ಬಿಡುವ ಹಾಗಿಲ್ಲ.

ಸರ್ಕ್ಯೂಟ್‌ಪ್ರೇಮಿ

ರಸಾಯನದವರು ಎಲ್‌ಇಡಿಯನ್ನು ಮರೆತೇಬಿಡುತ್ತಾರೆ, ಅದನ್ನು ಯಾರಾದರೂ ಗಟ್ಟಿಯಾಗಿ ಹೇಳಬೇಕು.

ಕರೆಂಟ್ ಬೆಳಕಿಗೆ ಅನುಪಾತದಲ್ಲಿರುವ ಸೆನ್ಸರ್‌ನಲ್ಲಿ ಎಲ್‌ಇಡಿ ಬೆಳಕು ಶೇಕಡಾ 5 ಇಳಿದರೆ ನಿಮ್ಮ ಗ್ಲೂಕೋಸ್ ಅಂಕಿಯೂ ಸರಿಸುಮಾರು ಅಷ್ಟೇ ತಪ್ಪುತ್ತದೆ. ಬಿಸಿಯಾದರೆ ಎಲ್‌ಇಡಿ ಮಂಕಾಗುತ್ತದೆ. ಹಳೆಯದಾದರೂ ಮಂಕಾಗುತ್ತದೆ. ರಕ್ತದ ಮೀಟರ್‌ಗಳಿಗೆ ಐಎಸ್‌ಒ 15197 ಅನ್ನುವ ಅಂತರರಾಷ್ಟ್ರೀಯ ಮಾನದಂಡದ 2013ರ ಆವೃತ್ತಿ ಏನು ಕೇಳುತ್ತದೆ ಗೊತ್ತಾ? ಡೆಸಿಲೀಟರಿಗೆ 100 ಮಿಲಿಗ್ರಾಂ ಮತ್ತು ಅದಕ್ಕಿಂತ ಮೇಲೆ, ಶೇಕಡಾ 95 ಅಳತೆಗಳು ±15 ಶೇಕಡಾದೊಳಗೆ ಇರಬೇಕು. 100ಕ್ಕಿಂತ ಕೆಳಗೆ ±15 ಮಿಲಿಗ್ರಾಂ ಒಳಗೆ. ಆ 15ರಲ್ಲಿ 5ನ್ನು ದೀಪಕ್ಕೇ ಕೊಟ್ಟರೆ ಉಳಿದದ್ದಕ್ಕೆ ಏನು ಮಾಡುತ್ತೀರಿ?

ಇದಕ್ಕೆ ಒಳ್ಳೆಯ ಉಪಾಯ, ಒಂದೇ ದೀಪದ ಕೆಳಗೆ ಎರಡು ಎಲೆಕ್ಟ್ರೋಡ್. ಒಂದರ ಮೇಲೆ ಕಿಣ್ವ, ಇನ್ನೊಂದರ ಮೇಲೆ ಕಿಣ್ವದ ಬದಲು ಬೇರೆ ಯಾವುದಾದರೂ ನಿರುಪದ್ರವಿ ಪ್ರೋಟೀನ್. ಎರಡರ ಅನುಪಾತ ತೆಗೆದುಕೊಂಡರೆ ದೀಪದ ಏರಿಳಿತ ಬಹುಪಾಲು ಹೋಗುತ್ತದೆ. ವಿಟಮಿನ್ ಸಿಯ ಪಾಲನ್ನೂ ಹೀಗೇ ಹಿಡಿಯಬಹುದು, ಅದು ಎರಡರಲ್ಲೂ ಬರುತ್ತದಲ್ಲ.

ಬೆಳಕನ್ನು ಹಚ್ಚಿ ಆರಿಸಿ ಅಳೆಯಿರಿ. ಬೆಳಕಿನಲ್ಲಿ ಬಂದ ಕರೆಂಟ್‌ನಿಂದ ಕತ್ತಲಲ್ಲಿ ಬಂದದ್ದನ್ನು ಕಳೆಯಿರಿ. ಕರೆಂಟ್ ಎಷ್ಟು ಬರಬಹುದು ಅಂತ ಅಂದಾಜು ಬೇಕಾ? 450 ನ್ಯಾನೋಮೀಟರ್‌ನಲ್ಲಿ ಚದರ ಸೆಂಟಿಮೀಟರಿಗೆ 1 ಮಿಲಿವ್ಯಾಟ್ ಬಿಟ್ಟರೆ, ಪ್ರತಿ ಫೋಟಾನೂ ಎಲೆಕ್ಟ್ರಾನ್ ಕೊಟ್ಟರೂ ಬರುವುದು 0.36 ಮಿಲಿಆಂಪಿಯರ್. ಶೇಕಡಾ 1 ದಕ್ಷತೆ ಇದ್ದರೆ 3.6 ಮೈಕ್ರೋಆಂಪಿಯರ್. ಇದು ಆರಾಮಾಗಿ ಅಳೆಯಬಹುದಾದ ಕರೆಂಟ್. ನಿಮಗೆ 0.36ರ ಆ ಮಿತಿಗಿಂತ ಜಾಸ್ತಿ ಬಂದರೆ ಎಲ್ಲೋ ಏನೋ ಕರಗುತ್ತಿದೆ ಅಥವಾ ದೀಪದ ಅಳತೆ ಸರಿಯಿಲ್ಲ ಅಂತ ಅನುಮಾನಿಸಿ.

ಚುಕ್ಕಿಹೊಳಪು

ಕರಗುವ ಮಾತು ಬಂತಲ್ಲ, ಕ್ಯಾಡ್ಮಿಯಂ ಸಲ್ಫೈಡ್ ಬಳಸುವವರು ಇದನ್ನು ಓದಲೇಬೇಕು. ಅದರ ಬ್ಯಾಂಡ್ ಗ್ಯಾಪ್ 2.4, ಗೋಚರ ಬೆಳಕಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಹೋಲ್‌ಗೆ ಬೇರೇನೂ ಸಿಗದಿದ್ದರೆ ತನ್ನದೇ ಸಲ್ಫೈಡನ್ನು ಉತ್ಕರ್ಷಿಸಿ ಕ್ಯಾಡ್ಮಿಯಂ ಅನ್ನು ದ್ರಾವಣಕ್ಕೆ ಬಿಡುತ್ತದೆ. ಸಿಗ್ನಲ್ ದಿನೇ ದಿನೇ ಕುಗ್ಗುವುದೂ ಅದಕ್ಕೇ. ಮೈಮೇಲೆ ಧರಿಸುವ ಸಾಧನಕ್ಕೆ ಅದನ್ನು ನಾನು ಸೂಚಿಸುವುದೇ ಇಲ್ಲ.

ನೀಲಿಕಿರಣ

ಎಲ್ಲರ ಮಾತು ಕೂಡಿಸಿ ಯೋಜನೆ ಹೀಗೆ ಬದಲಿಸಿದ್ದೇನೆ. ಫ್ಲೋರೈಡ್ ದ್ರಾವಣದಲ್ಲಿ ಟ್ಯೂಬ್ ಬೆಳೆಸಿ, ಅಮೋನಿಯಾ ಹರಿವಿನಲ್ಲಿ ಬೇರೆ ಬೇರೆ ಹೊತ್ತು ಕಾಯಿಸಿ ನೈಟ್ರೋಜನ್ ಪ್ರಮಾಣ ಬದಲಿಸುತ್ತೇನೆ. ದೀಪ 450 ನ್ಯಾನೋಮೀಟರ್. ಒಂದೇ ಹಾಳೆಯಿಂದ ಕತ್ತರಿಸಿದ ಎರಡು ಎಲೆಕ್ಟ್ರೋಡ್, ಒಂದರಲ್ಲಿ ಕಿಣ್ವ, ಇನ್ನೊಂದರಲ್ಲಿ ಆಲ್ಬುಮಿನ್. ಪಿಎಚ್ 7.4. ನಾಫಿಯಾನ್ ಹಾಕಿಯೂ ಹಾಕದೆಯೂ ನೋಡುತ್ತೇನೆ. ಗುರಿಯನ್ನೂ ಬದಲಿಸಿದೆ. ನ್ಯಾನೋಮೋಲಾರ್ ಪತ್ತೆ ಮಿತಿ ಬೇಡ. 2ರಿಂದ 20 ಮಿಲಿಮೋಲಾರ್‌ವರೆಗೆ ನಂಬಬಹುದಾದ ಗೆರೆ ಬಂದರೆ ಸಾಕು.

ಬ್ಯಾಂಡ್‌ಅಂಚು

ಇದು ಓದಿ ಖುಷಿಯಾಯಿತು. ಅಮೋನಿಯಾದಲ್ಲಿ ಕಾಯಿಸಿದಾಗ ನೈಟ್ರೋಜನ್ ಜೊತೆಗೆ ಆಮ್ಲಜನಕದ ಖಾಲಿ ಜಾಗಗಳೂ ಆಗುತ್ತವೆ. ಅವೂ ಗೋಚರ ಬೆಳಕು ಹೀರುತ್ತವೆ. ಹಾಗಾಗಿ ಅದೇ ಬಿಸಿಯಲ್ಲಿ ಬರೀ ಹೈಡ್ರೋಜನ್ ಅಥವಾ ಆರ್ಗಾನ್‌ನಲ್ಲಿ ಕಾಯಿಸಿದ ಮಾದರಿಯನ್ನೂ ಹೋಲಿಕೆಗೆ ಇಡಿ. ಇಲ್ಲದಿದ್ದರೆ ಲಾಭ ಯಾವುದರಿಂದ ಬಂತು ಅಂತ ಹೇಳಲು ಆಗುವುದಿಲ್ಲ. ಅಮೋನಿಯಾ ಹೊರಹೋಗುವ ಕೊಳವೆ ಫ್ಯೂಮ್ ಹುಡ್ ಒಳಗೇ ಇರಲಿ, ಒಬ್ಬರೇ ಇದ್ದಾಗ ಮಾಡಬೇಡಿ.

ನೀಲಿಕಿರಣ

ಹೋಲಿಕೆ ಮಾದರಿ ಸೇರಿಸುತ್ತೇನೆ. ಕಾಯಿಸುವ ಮೊದಲು ಕಿಣ್ವವನ್ನು ಸಾದಾ ಪ್ಲಾಟಿನಂ ಎಲೆಕ್ಟ್ರೋಡ್ ಮೇಲೆ ಪರೀಕ್ಷಿಸುತ್ತಿದ್ದೇನೆ. ಒಂದು ವಿಚಿತ್ರ ಕಾಣುತ್ತಿದೆ. ಈಗಷ್ಟೇ ಕರಗಿಸಿದ ಗ್ಲೂಕೋಸ್ ಕಡಿಮೆ ಸಿಗ್ನಲ್ ಕೊಡುತ್ತದೆ, ಹಿಂದಿನ ದಿನ ಮಾಡಿಟ್ಟದ್ದು ಜಾಸ್ತಿ ಕೊಡುತ್ತದೆ. ತೂಕ ಒಂದೇ, ಬಾಟಲಿ ಒಂದೇ.

ಕಿಣ್ವಮಿತ್ರ

ಅದು ಸರಿಯಾಗೇ ಇದೆ. ನೀವು ಕೊಂಡ ಗ್ಲೂಕೋಸ್ ಪುಡಿ ಹೆಚ್ಚಾಗಿ ಆಲ್ಫಾ ರೂಪದ್ದು. ಕಿಣ್ವ ಬೀಟಾ ರೂಪವನ್ನೇ ತಿನ್ನುತ್ತದೆ. ನೀರಿಗೆ ಹಾಕಿದ ಮೇಲೆ ಆಲ್ಫಾ ನಿಧಾನಕ್ಕೆ ಬೀಟಾಗೆ ತಿರುಗಿ, ಕೊನೆಗೆ ಸುಮಾರು 36ಕ್ಕೆ 64ರ ಪಾಲಿನಲ್ಲಿ ನಿಲ್ಲುತ್ತದೆ. ಅಲ್ಲಿಗೆ ತಲುಪಲು ಗಂಟೆಗಳು ಬೇಕು. ಮೂಲ ದ್ರಾವಣವನ್ನು ಹಿಂದಿನ ಸಂಜೆಯೇ ಮಾಡಿ, ರಾತ್ರಿಯಿಡೀ ಕೋಣೆಯ ಬಿಸಿಯಲ್ಲೇ ಬಿಡಿ. ಬೆಳಿಗ್ಗೆ ಆದ ಮೇಲೆ ಫ್ರಿಡ್ಜ್‌ಗೆ ಇಡಿ, ಮೊದಲೇ ಇಟ್ಟರೆ ತಿರುಗುವುದು ನಿಧಾನವಾಗುತ್ತದೆ. ಪ್ರತಿ ಬಾಟಲಿಯ ಮೇಲೆ ಮಾಡಿದ ಗಂಟೆ ಬರೆಯಿರಿ. ಡೋಪ್ ಮಾಡಿದ ಟ್ಯೂಬ್‌ಗಳನ್ನು ಹೋಲಿಸುವಾಗ ಎಲ್ಲದಕ್ಕೂ ಅದೇ ಬಾಟಲಿಯಿಂದ ಹಾಕಿ.

ನೀಲಿಕಿರಣ

ಇವತ್ತು ಸಂಜೆಯೇ ಹೊಸ ದ್ರಾವಣ ಮಾಡಿಡುತ್ತೇನೆ. ಮಾಟ್–ಶಾಟ್ಕಿ ಗ್ರಾಫ್‌ಗಳು ಬಂದ ಮೇಲೆ ಇದೇ ಚರ್ಚೆಯಲ್ಲಿ ಹಾಕುತ್ತೇನೆ. ಪದರದೊಳಗೆ ಅವರು ದಯವಿಟ್ಟು ನೋಡಿ ಹೇಳಬೇಕು.